ಮುಳುಗಿದ ದೋಣಿಯೊಳಗೆ ಬಿದ್ದ ಗಂಟು

ನಂಬುವುದಾದರೆ ನಂಬಿ, ಇಲ್ಲದಿದ್ದರೆ ಎದ್ದು ಹೋಗಿ. ಕತೆ ಕಟ್ಟುವುದು ನನ್ನ ಕಸುಬಲ್ಲ. ಹನುಮಂತನಪಟ್ಟಿಯ ಸುತ್ತ ಯಾರ ಬಾವಿಗೆ ಕೊಡ ಬಿದ್ದರೂ ಮುಳುಗಿ ಎತ್ತಿಕೊಡುವವನು ನಾನು.

ಮಲೆಯ ಮೇಲೆ ಬಿಳಿ ದೊರೆಗಳು ಹೊಳೆಗೆ ಅಣೆ ಕಟ್ಟಿಸುತ್ತಿದ್ದ ಕಾಲ. ಸುಣ್ಣದ ಮೂಟೆ, ಕಬ್ಬಿಣದ ಸರಪಳಿ ತುಂಬಿದ್ದ ದೋಣಿಯೊಂದು ಅಣೆಯ ಹಿಂದೆ ನಿಂತ ನೀರಿನಲ್ಲಿ ಮುಳುಗಿತ್ತು. ಅದನ್ನು ನಡೆಸುತ್ತಿದ್ದವನು ಬೊಮ್ಮಯ್ಯ, ನನ್ನ ಹೆಂಡತಿ ಲಕ್ಕಮ್ಮನ ಅಣ್ಣ. ಹೆಣ ಸಿಕ್ಕಿರಲಿಲ್ಲ. ದೊರೆಗೆ ಸರಪಳಿ ಬೇಕಿತ್ತು. ಲಕ್ಕಮ್ಮನಿಗೆ ಅಣ್ಣ ಬೇಕಿತ್ತು. ಎಲುಬಾದರೂ ತಂದುಕೊಡು, ಮಣ್ಣು ಮಾಡೋಣ ಅಂತ ನನ್ನ ಕೈ ಹಿಡಿದು ಬೇಡಿಕೊಂಡಿದ್ದಳು.

ತೆಪ್ಪದ ಮೇಲೆ ಕೂತು ಹಗ್ಗ ಹಿಡಿಯಲು ಬಂದವನು ಅವಳ ತಮ್ಮ ಮಲ್ಲಯ್ಯ; ಅಕ್ಕನ ಗಂಡ ಅಂತ ನನ್ನನ್ನು ಮಚ್ಚಾನ್ ಅನ್ನುತ್ತಿದ್ದ. ಮುಳುಗುವವನ ಹಗ್ಗವನ್ನು ನಾವು ಹೆಂಡತಿಯ ಒಡಹುಟ್ಟಿದವನ ಕೈಗೇ ಕೊಡುವುದು. ಅಕ್ಕನ ತಾಳಿ ಹೋಗಲಿ ಅಂತ ಯಾರು ತಾನೇ ಕೈಬಿಟ್ಟಾರು? ಕೆಳಗಿಂದ ಎರಡು ಸಲ ಜಗ್ಗಿದರೆ ಅವನು ಎಳೆಯಬೇಕು.

ಹೊತ್ತು ಇಳಿಯುತ್ತಿತ್ತು. ನೀರು ಮೈ ಕೊರೆಯುವಷ್ಟು ತಣ್ಣಗಿತ್ತು, ಮೇಲೆಲ್ಲ ಕೊಳೆತ ಎಲೆಯ ನಾತ. ಮಗುಚಿ ಕೂತಿದ್ದ ದೋಣಿಯ ಅಡಿಯಿಂದ ಒಳಗೆ ನುಸುಳಿದೆ. ಕೈಗೆ ಮೂಟೆ ಸಿಕ್ಕಿತು, ಸರಪಳಿ ಸಿಕ್ಕಿತು... ಬೊಮ್ಮಯ್ಯ ಸಿಗಲಿಲ್ಲ.

ತಿರುಗಿದರೆ ಹಗ್ಗ ಬರಲಿಲ್ಲ. ಎಲ್ಲೋ ಸಿಕ್ಕಿಕೊಂಡಿತ್ತು. ಎಷ್ಟು ಜಗ್ಗಿದರೂ ಮೇಲಕ್ಕೆ ಸುದ್ದಿ ಮುಟ್ಟುವಂತಿರಲಿಲ್ಲ. ಎದೆ ಉರಿಯತೊಡಗಿತು. ಸೊಂಟದ ಗಂಟು ಬಿಚ್ಚಿ ಹಗ್ಗ ಬಿಟ್ಟೆ. ನನ್ನ ಕೈಯಾರೆ ಬಿಚ್ಚಿದೆ, ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ.

ಬಂದ ದಾರಿ ತಡಕಿದೆ. ಮೇಲೆ ಹಲಗೆ, ಪಕ್ಕದಲ್ಲಿ ಹಲಗೆ, ಎಲ್ಲಿ ಮುಟ್ಟಿದರೂ ಹಲಗೆ... ಹೊರಗೆ ಅನ್ನುವುದು ಯಾವ ಕಡೆ ಇದೆ ಎಂದೇ ತಿಳಿಯದಾಯಿತು. ಸತ್ತೆ ಅಂದುಕೊಂಡೆ. ಲಕ್ಕಮ್ಮನ ಮುಖ ನೆನಪಾಗಿ ಅಳು ಬಂತು. ನೀರೊಳಗೂ ಅಳು ಬರುತ್ತದೆ.

ಆಗ... ಸೊಂಟದ ಸುತ್ತ ಏನೋ ಬಿಗಿಯಿತು. ನಿಧಾನವಾಗಿ ಸುತ್ತಿ, ಕಟ್ಟಿ, ಗಟ್ಟಿಯಾಗಿದೆಯೇ ಅಂತ ಒಮ್ಮೆ ಎಳೆದು ನೋಡಿದ ಹಾಗೆ. ಮರುಕ್ಷಣವೇ ಹಗ್ಗ ನನ್ನನ್ನು ದರದರ ಎಳೆದುಕೊಂಡು ಹೋಯಿತು.

ತೆಪ್ಪದ ಮೇಲೆ ಬಿದ್ದು ನೀರು ಕಕ್ಕಿದೆ. ಮಲ್ಲಯ್ಯ ಲಾಂದ್ರ ಹಿಡಿದು ನನ್ನ ಸೊಂಟವನ್ನೇ ನೋಡುತ್ತಿದ್ದ.

"ಮಚ್ಚಾನ್, ಈ ಗಂಟು ನೀನಾ ಹಾಕ್ಕಂಡೆ?"

"ಇಲ್ಲಪ್ಪಾ. ನಾನು ಹಗ್ಗಾನೇ ಬಿಚ್ಚಿಬುಟ್ಟಿದ್ದೆ."

ಅವನು ದನಿ ತಗ್ಗಿಸಿದ. "ಇದು ಅಣ್ಣಂದು. ಎಡಗೈಲಿ ಹಿಂಗೆ ತಿರುವಿ ಕಟ್ಟೋನು ಅವನೊಬ್ಬನೇ. ಎರಡು ಸಲ ಜಗ್ಗಿದ್ದೂ ಅವನೇ... ಅಕ್ಕನ್ನ ಮರ್ತಿಲ್ಲ ಮಚ್ಚಾನ್."

ಊರಿಗೆ ಹೋಗೋಣ ಅಂದೆ. ಕೇಳಲಿಲ್ಲ. ಗಂಟು ಬಿಚ್ಚಿ, ಹಗ್ಗವನ್ನು ಮತ್ತೆ ನೀರಿಗಿಳಿಸಿ ಕೂತ. ಕತ್ತಲಾಯಿತು. ಕಪ್ಪೆಗಳ ಸದ್ದೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ... ಹಗ್ಗ ಜಗ್ಗಿತು. ಎರಡು ಸಲ.

ಇಬ್ಬರೂ ಸೇರಿ ಎಳೆದೆವು. ದೇವರಾಣೆಗೂ ಒಂದಾಳು ಭಾರ ಇತ್ತು, ಅಂಗೈ ಸುಲಿದು ಹೋಯಿತು. ನೀರಿನ ಮಟ್ಟಕ್ಕೆ ಬಂದದ್ದೇ ತಡ, ಹಗುರಾಗಿಬಿಟ್ಟಿತು. ತುದಿಯಲ್ಲಿ ಅದೇ ಗಂಟು, ಮನುಷ್ಯನ ಸೊಂಟದಷ್ಟು ಅಗಲದ ಸುತ್ತು... ಒಳಗೆ ಯಾರೂ ಇಲ್ಲ. ಮಲ್ಲಯ್ಯ ಆ ಒದ್ದೆ ಹಗ್ಗವನ್ನು ತಬ್ಬಿಕೊಂಡು ಅತ್ತ.

ಈಗ ಆ ನೀರು ಸುರಂಗದಲ್ಲಿ ಮಲೆ ದಾಟಿ ನಮ್ಮ ಗದ್ದೆಗೇ ಬರುತ್ತದೆ. ಕಂಬಂ ಕಣಿವೆಯೆಲ್ಲ ಹಿಗ್ಗಿದೆ. ಲಕ್ಕಮ್ಮ ಮಾತ್ರ ಗದ್ದೆಗೆ ನೀರು ಕಟ್ಟುವಾಗಲೆಲ್ಲ ಬಗ್ಗಿ ಕಾಲುವೆಗೆ ಕೈ ಇಟ್ಟು, "ಬಂದ್ಯಾ ಅಣ್ಣಾ?" ಅಂತ ಕೇಳುತ್ತಾಳೆ.

ನಾನು ಬದುವಿನಿಂದ ಕೆಳಗಿಳಿಯುವುದಿಲ್ಲ. ಒಂದು ದಿನ ಅವಳಿಗೆ ಉತ್ತರ ಬಂದುಬಿಟ್ಟರೆ ಏನು ಗತಿ ಅಂತ ಭಯ.