ಬ್ಯಾಬಿಲೋನಿನ ರಾಜನ ವೇಷ

ಮಹಾರಾಜರ ಕಾಲದಲ್ಲಿ ನಾನು ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಜೊತೆಯ ಉಪಾಧ್ಯಾಯಿನಿಯೂ ನಾನೂ ಕೋಟೆಯ ಕೆಳಗಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೆವು. ನಾನು ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡವಳು. ಅವಳಿಗೆ ಕೊರಟಗೆರೆಯಲ್ಲಿ ತಾಯಿ, ಓದುವ ತಮ್ಮ. ಒಂದೇ ಒಲೆ, ಒಂದೇ ಕನ್ನಡಿ. ಅಕ್ಕತಂಗಿಯರೂ ಹಾಗಿರಲಿಕ್ಕಿಲ್ಲ.

ಮಹಾರಾಜರ ಹುಟ್ಟುಹಬ್ಬಕ್ಕೆ ಶಾಲೆಯಲ್ಲಿ ನಾಟಕ ಆಗಬೇಕಿತ್ತು. ಬ್ಯಾಬಿಲೋನಿನ ಕಥೆ ಆಡೋಣ ಅಂದವಳು ಅವಳೇ. ಮೊದಲು ಬರೀ ನೀರಿತ್ತು. ಕಡಲತಾಯಿ ತಿಯಾಮತ್ ಮುನಿದು, ತಾನು ಹೆತ್ತ ದೇವತೆಗಳ ಮೇಲೇ ದಂಡೆತ್ತಿ ಬಂದಳು. ಹೆದರಿದ ದೇವತೆಗಳು ಸಭೆ ಸೇರಿ ತಮ್ಮಲ್ಲೊಬ್ಬನಾದ ಮಾರ್ದುಕನನ್ನು ರಾಜ ಮಾಡಿಕೊಂಡರು. ಅವನು ಅವಳನ್ನು ಸೀಳಿ, ಒಂದು ಹೋಳಿನಿಂದ ಆಕಾಶ, ಇನ್ನೊಂದರಿಂದ ಭೂಮಿ ಮಾಡಿದ. ನಾಡಿನ ರಾಜ ಮಾರ್ದುಕನ ಪರವಾಗಿ ಆಳುವವನು. ಆದರೆ ಪ್ರತಿ ಹೊಸವರ್ಷಕ್ಕೂ ಪೂಜಾರಿ ಅವನ ಕಿರೀಟ ತೆಗೆದು ಕೆನ್ನೆಗೆ ಹೊಡೆಯುತ್ತಾನೆ. ತಾನು ತಪ್ಪು ಮಾಡಿಲ್ಲವೆಂದು ರಾಜ ಮಂಡಿಯೂರಿ ದೇವರಿಗೆ ಹೇಳಿಕೊಳ್ಳಬೇಕು.

"ರಾಜನಿಗೆ ಹೊಡೆಯೋದಾ? ತಾಲ್ಲೂಕಿನ ಅಮಲ್ದಾರರು ಮುಂದೇನೇ ಕೂತಿರ್ತಾರೆ" ಅಂದೆ.

"ಆ ಏಟಿಲ್ಲದಿದ್ರೆ ಇದು ನಾಟಕಾನೇ ಅಲ್ಲ ಕಣೇ" ಅಂದಳು.

ನಾನು ರಾಜ, ಅವಳು ಪೂಜಾರಿ, ದೊಡ್ಡ ಹುಡುಗಿಯರು ದೇವತೆಗಳು. ಅಭ್ಯಾಸದಲ್ಲಿ ಅವಳು ನಿಜವಾಗಿಯೇ ಹೊಡೆಯುತ್ತಿದ್ದಳು. ಆಮೇಲೆ ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದೆವು.

ಆ ದಿನ ಸಂಜೆ ಶಾಲೆಯ ಅಂಗಳ ತುಂಬಿತ್ತು. ಅವಳು ನನ್ನ ರಟ್ಟಿನ ಕಿರೀಟ ತೆಗೆಯಲಿ ಅಂತ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ನಿಂತೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಅವಳು ನನ್ನ ಕಾಲ ಮೇಲೆ ಬಿದ್ದಿದ್ದಳು. "ಪ್ರಭೂ, ನೀನೇ ದೇವರು! ನಿನ್ನನ್ನು ಕೇಳುವ ಹಕ್ಕು ಯಾರಿಗಿದೆ?" ಅಂದಳು. ಆ ಮಾತು ನಮ್ಮ ನಾಟಕದಲ್ಲೇ ಇರಲಿಲ್ಲ. ಅಂಗಳವೆಲ್ಲ ಚಪ್ಪಾಳೆ.

ಅಮಲ್ದಾರರು ಅವಳಿಗೆ ಹಾರ ಹಾಕಿದರು. ನನ್ನ ಕಡೆ ತಿರುಗಿ, "ಮಹಾರಾಜರ ಹಬ್ಬದ ದಿನ ರಾಜನಿಗೆ ಹೊಡೆಸಬೇಕು ಅಂದಿದ್ದು ನೀವೇನಮ್ಮ?" ಅಂದರು. ಅವಳ ಮುಖ ನೋಡಿದೆ. ಅವಳು ಹಾರ ಸರಿಮಾಡಿಕೊಳ್ಳುತ್ತಿದ್ದಳು.

ಕೋಣೆಗೆ ಬಂದ ಮೇಲೆ ಕೇಳಿದೆ: "ನಾನು ಅಂದೆ ಅಂತ ಹೇಳಿದ್ಯಾ?"

"ನಾಟಕದ ಸುದ್ದಿ ಅವರಿಗೆ ಮೊದಲೇ ಗೊತ್ತಾಗಿತ್ತು. ಕರೆಸಿ ಕೇಳಿದ್ರು. ಕೆಲಸ ಹೋದ್ರೆ ನನ್ನ ತಾಯಿ, ತಮ್ಮನ ಗತಿ?" ಅಂದಳು. ಕೊರಳ ಹಾರ ತೆಗೆದು ಗೂಟಕ್ಕೆ ಸಿಕ್ಕಿಸಿ, "ನಿನಗೆ ಯಾರಿದ್ದಾರೆ ಹೇಳು" ಅಂದಳು.

ನೀನಿದ್ದೀಯ ಅಂದುಕೊಂಡಿದ್ದೆ ಅಂತ ಹೇಳಬೇಕಿತ್ತು.

ನನ್ನನ್ನು ಪಾವಗಡದ ಕಡೆಯ ಹಳ್ಳಿ ಶಾಲೆಗೆ ಎತ್ತಿ ಹಾಕಿದರು. ಮಕ್ಕಳದು ಅರ್ಧ ತೆಲುಗು, ಅರ್ಧ ಕನ್ನಡ. "ಅಮ್ಮಾ, ಇಂಗೆ ಹೇಳಿದ್ರೆ ನಮಗೆ ಅರ್ಥ ಆಗಾಕಿಲ್ಲ ಕಣಮ್ಮ" ಅಂತ ನನಗೇ ತೆಲುಗು ಕಲಿಸಿದರು. ಅವಳು ಮಧುಗಿರಿಯಲ್ಲೇ ಹೆಡ್‌ಮಿಸ್ಟ್ರೆಸ್ ಆದಳು.

ಎಷ್ಟೋ ವರ್ಷದ ಮೇಲೆ ಶಿರಾದಲ್ಲಿ ಒಂದು ಮದುವೆಯಲ್ಲಿ ಸಿಕ್ಕಳು. ಪಕ್ಕದಲ್ಲೇ ಊಟಕ್ಕೆ ಕೂತು, ಮಂಡಿನೋವು, ತಮ್ಮನ ಸಂಸಾರ ಅಂತ ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ ಮಾತಾಡಿದಳು. ನಾನೂ ಹೂಂ ಹೂಂ ಅನ್ನುತ್ತಾ ಪಾಯಸ ತಿಂದೆ. ಎದ್ದು ಹೋಗಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.