ಬೆಳಿಗ್ಗೆ ಚುಚ್ಚಿದ್ದ ಸೂಜಿ

ಅಶರೀರವಾಣಿ ಕೇಳಿಸಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಅಂಥವನೇ ಈಗ ಇದನ್ನು ಬರೆಯುತ್ತಿದ್ದೇನೆ. ನಗುವ ಸರದಿ ನಿಮ್ಮದು.

ಅರವತ್ತರ ದಶಕದ ಕೊನೆ. ಹನೂರಿನ ಆಚೆ, ಹೆಸರು ಬೇಡ, ಒಂದು ಸಣ್ಣ ಆಸ್ಪತ್ರೆಗೆ ನಾನೊಬ್ಬನೇ ಡಾಕ್ಟರು. ಸೂಜಿ ಹಿಡಿದು ಊರೂರು ತಿರುಗುವ ಅರೆಬರೆ ವೈದ್ಯರೆಂದರೆ ನನಗೆ ಅಸಹ್ಯ. ಅವರ ಹತ್ತಿರ ಹೋಗಿ ಬಂದವರನ್ನು ಬೈದು ಆಚೆಗೆ ಕಳಿಸಿದ್ದೂ ಉಂಟು.

ಒಂದು ಮಧ್ಯಾಹ್ನ ಲೊಕ್ಕನಹಳ್ಳಿ ಕಡೆಯ ಹೆಂಗಸೊಬ್ಬಳು ನಾಲ್ಕು ವರ್ಷದ ಮಗಳನ್ನು ಹೊತ್ತು ತಂದಳು. ವಿಪರೀತ ಗೂರಲು, ತುಟಿ ನೀಲಿಗಟ್ಟಿತ್ತು. "ಬೇರೆ ಎಲ್ಲಾದರೂ ಸೂಜಿ ಹಾಕಿಸಿದೆಯಾ?" ಎಂದು ಗದರಿದೆ, ಕಳ್ಳರನ್ನು ಕೇಳುವ ಹಾಗೆ.

"ಇಲ್ಲ ಸಾ."

ಉಬ್ಬಸಕ್ಕೆ ಆಗ ನಮ್ಮ ಕೈಲಿದ್ದ ದೊಡ್ಡ ಮದ್ದು ಅಮಿನೋಫಿಲಿನ್; ಆ ಅರೆಬರೆ ವೈದ್ಯರು ಚುಚ್ಚುತ್ತಿದ್ದುದೂ ಅದನ್ನೇ. ಉಸಿರೇನೋ ಸಡಿಲವಾಗುತ್ತದೆ, ಹೆಚ್ಚಾದರೆ ಎಳೆಯ ಹೃದಯವನ್ನು ಓಡಿಸಿ ಓಡಿಸಿ ನಿಲ್ಲಿಸಿಯೇ ಬಿಡುತ್ತದೆ. ನಿಧಾನವಾಗಿ ನರಕ್ಕೆ ಬಿಡುತ್ತಿದ್ದೆ. ಕಿವಿಯ ಪಕ್ಕದಲ್ಲೇ ಹೆಣ್ಣುದನಿ: "ಬೆಳಿಗ್ಗೇನೆ ಒಂದ್ ಚುಚ್ಚವ್ರೆ ಸಾ."

ಸೂಜಿ ಕಿತ್ತೆ. ನಾಡಿ ಎಣಿಸಲಾಗದಷ್ಟು ಓಡುತ್ತಿತ್ತು. "ಈಗ ಬೊಗಳ್ತೀಯಾ?" ಎಂದು ತಾಯಿಯತ್ತ ತಿರುಗಿದೆ. ಅವಳು ದೂರದ ಬಾಗಿಲ ಬಳಿ, ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಓಡಿಬಂದು ಕಾಲಿಗೆ ಬಿದ್ದಳು.

"ನಾನ್ ಬಾಯೇ ಬುಡ್ನಿಲ್ಲ ಸಾ. ಆಚ್ಗೆ ಕಳಿಸ್ಬುಡ್ತೀರಿ ಅಂತ ಎದ್ರಿಕಂಡಿದ್ದೆ. ಸೂಜಿ ಆಕ್ಸಿದ್ದು ನಿಮ್ಗೆಂಗ್ ಗೊತ್ತಾಯ್ತು?"

ಅಲ್ಲಿ ಬೇರೆ ಯಾರೂ ಇರಲಿಲ್ಲ. ಮಗುವಿಗೆ ಉಸಿರಿಗೇ ಗತಿಯಿಲ್ಲ, ಮಾತೆಲ್ಲಿಂದ ಬರಬೇಕು?

ಸಂಜೆಗೆ ನಾಡಿ ಇಳಿಯಿತು, ಮಗು ಉಳಿಯಿತು. ಸುದ್ದಿ ಮಾರ್ಟಳ್ಳಿಯವರೆಗೂ ಹೋಯಿತು: ಆ ಡಾಕ್ಟರಿಗೆ ಬೆಟ್ಟದ ಮಾದಪ್ಪನೇ ಕಿವಿಯಲ್ಲಿ ಹೇಳುತ್ತಾನಂತೆ! ಹಾಗೇನಿಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮರುವರ್ಷ ಇನ್ನೊಂದು ಮಗು, ಅದೇ ಗೂರಲು. ಈ ಸಲ ಮೆತ್ತಗೇ ಕೇಳಿದೆ. ತಾಯಿ ಏನೂ ಹೇಳದೆ ಕೈಮುಗಿದಳು. ಮತ್ತೆ ಕೇಳಬೇಕಿತ್ತು. ಕೇಳಲಿಲ್ಲ, ನಾಚಿಕೆಗೇಡು, ನಾನೂ ಒಂದು ಗಳಿಗೆ ಆ ದನಿಗೆ ಕಿವಿಗೊಟ್ಟು ಕಾದೆ. ಏನೂ ಕೇಳಿಸಲಿಲ್ಲ. ಮದ್ದನ್ನು ನರಕ್ಕೆ ಬಿಟ್ಟೆ. ಪುಟ್ಟ ಎದೆ ಅಂಗಿಯೊಳಗೇ ಅದುರಿತು, ತಾಳ ತಪ್ಪಿತು, ನಿಂತುಹೋಯಿತು.

"ಬೆಳಿಗ್ಗೆ ಒಂದ್ ಆಕ್ಸಿದ್ದೆ ಸಾ," ಎಂದಳು ಆ ತಾಯಿ. "ನಿಮ್ಗೇ ಗೊತ್ತಾಯ್ತದಲ್ಲ ಅಂತ ಯೋಳ್ನಿಲ್ಲ."

ಅಂದು ಹೇಳಿದ್ದು ಯಾರು, ಈ ಸಲ ಯಾಕೆ ಹೇಳಲಿಲ್ಲ? ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದಿಲ್ಲ ಎಂಬ ಆ ಒಂದು ಮಾತನ್ನು ಅವಳಿಗೆ ಹೇಳುವ ಧೈರ್ಯವೂ ನನಗೆ ಬರಲಿಲ್ಲ.