ಕಾಡಿಗೆ ಹಚ್ಚಿದ ಕೈ

ಕನ್ನಡಕ ಹಾಕುವವರು ಅದನ್ನು ತೆಗೆದಿಟ್ಟಾಗ ನೋಡಿದ್ದೀರಾ? ಮೂಗಿನ ಎರಡೂ ಪಕ್ಕ ಕೆಂಪು ಗುಳಿ, ಕಣ್ಣಲ್ಲಿ ದಾರಿ ತಪ್ಪಿದ ಕರುವಿನ ಭಾವ. ನನ್ನ ಮೊಮ್ಮಗಳು ಸುಮಾಳದ್ದು ಹತ್ತು ವರ್ಷದಿಂದ ಇದೇ ಅವತಾರ. ಮನೆಯೊಳಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಅವಳು ಆನವಟ್ಟಿ ಸುತ್ತಿನ ಊರುಗಳಲ್ಲಿ ಭತ್ತದ ನಾಟಿ ಯಂತ್ರ ಓಡಿಸುವವಳು. ಮಳೆ ಹನಿದರೆ ಗಾಜು ಮಬ್ಬು, ಕೆಸರು ಸಿಡಿದರೆ ಪೂರ್ತಿ ಕುರುಡು. ಒರೆಸಿಕೊಳ್ಳಲು ಸೆರಗೂ ಇಲ್ಲ, ಪ್ಯಾಂಟು ಹಾಕುತ್ತಾಳೆ. ಹೋದ ಮಳೆಗಾಲ ಸಾಲು ಸೊಟ್ಟಗಾಗಿ, ಮತ್ತೆ ಹೀಗಾದರೆ ಬೇರೆಯವರನ್ನು ಕರೆಯುತ್ತೇವೆಂದು ಗದ್ದೆಯವರು ಮುಖಕ್ಕೇ ಹೇಳಿದ್ದರು.

ಅದಕ್ಕೇ ಶಿವಮೊಗ್ಗದಲ್ಲಿ ಲೇಸರ್ ಮಾಡಿಸಿಕೊಳ್ಳುವ ನಿರ್ಧಾರ. ಬ್ಲೇಡಿಲ್ಲ, ಹೊಲಿಗೆಯಿಲ್ಲ, ಹನಿ ಹಾಕಿ ಕಣ್ಣು ಮರಗಟ್ಟಿಸಿ, ಬೆಳಕಿನಿಂದಲೇ ಮುಂದಿನ ಪದರವನ್ನು ತಿದ್ದಿ, ಅದೇ ದಿನ ಮನೆಗೆ ಕಳಿಸುತ್ತಾರಂತೆ. ಎಲ್ಲರ ಕಣ್ಣಿಗೂ ಹೊಂದುವುದಿಲ್ಲ. ಇವಳದನ್ನು ಅಳೆದು ಆಗಬಹುದು ಎಂದಿದ್ದರು. ಮೂರನೇ ಈಯತ್ತೆಗೇ ಶಾಲೆ ಬಿಟ್ಟ ನನಗೆ ಬೆಳಕಿನ ಈ ಪಾಂಡಿತ್ಯ ನಂಬಿಕೆ ಹುಟ್ಟಿಸಲಿಲ್ಲ. ಜೀವಮಾನವಿಡೀ ಬಿಸಿಲಲ್ಲೇ ಗೇಯ್ದೆ. ಅದು ನನ್ನನ್ನು ಒಣಗಿಸಿತೇ ಹೊರತು ತಿದ್ದಲಿಲ್ಲ.

ಡಾಕ್ಟರರ ಷರತ್ತು ಒಂದೇ: ಆಮೇಲೆ ಒಂದು ತಿಂಗಳು ಕೆಸರು, ಧೂಳು ಕಣ್ಣಿಗೆ ತಾಗಬಾರದು. ನಾಟಿಗೆ ಉಳಿದಿದ್ದು ಐದೇ ವಾರ. ಲೇಸರಿಗೆ ಗೊತ್ತು ಮಾಡಿದ ದಿನ ತಪ್ಪಿದರೆ ಆ ವರ್ಷದ ಗದ್ದೆಗಳೂ ತಪ್ಪಿದಂತೆ.

ಆ ದಿನ ಬೆಳಗಿನ ಶಿವಮೊಗ್ಗ ಬಸ್ಸಿನಲ್ಲಿ ಸುಮಾ ಕನ್ನಡಕ ತೆಗೆದು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ನಮ್ಮ ಮನೆಯಿಂದ ದೊಡ್ಡ ಕೆಲಸಕ್ಕೆ ಹೊರಟವರು ಯಾರೂ ಕಾಡಿಗೆಯಿಲ್ಲದೆ ಹೊರಟವರಲ್ಲ. ಹರಳೆಣ್ಣೆ ದೀಪದ ಮಸಿಯಿಂದ ನಾನೇ ಮಾಡಿದ ಕಾಡಿಗೆ, ಡಬ್ಬಿ ಸೊಂಟದಲ್ಲೇ ಇತ್ತು. ಎರಡೂ ರೆಪ್ಪೆಯ ಅಂಚಿಗೆ ಬೆರಳಿನಿಂದ ತೀಡಿದೆ. ಅವಳಿಗೆ ತಿಳಿಯಲಿಲ್ಲ. ಇಳಿಯುವ ಗಡಿಬಿಡಿಯಲ್ಲಿ ಅವಳು ಕನ್ನಡಿ ನೋಡಲೂ ಇಲ್ಲ.

ಆಸ್ಪತ್ರೆಯ ಸಿಸ್ಟರ್ ರೆಪ್ಪೆ ಎತ್ತಿ ನೋಡಿ ಮುಖ ಗಂಟಿಕ್ಕಿದರು. ಕಾಡಿಗೆ ಕೂಡದೆಂದು ಚೀಟಿಯಲ್ಲೇ ಬರೆದಿತ್ತಲ್ಲ ಎಂದು ಅವಳಿಗೆ ಬೈಗುಳ. ಸುಮಾ ನನ್ನ ಕಡೆ ನೋಡಿದಳು. ಆ ನೋಟ ತಡೆಯಲಾಗದೆ ನಾನೇ ಎದ್ದು ನಿಂತೆ.

"ಹಚ್ಚಿದ್ದು ನಾನು ರೀ. ಬೈಯೋದಾದ್ರೆ ನನಗೇ ಬೈರಿ."

ಡಾಕ್ಟರು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ತೊಳೆಸಿ ಮಧ್ಯಾಹ್ನ ನೋಡುತ್ತೇನೆ, ರೆಪ್ಪೆ ಕೆಂಪಾಗಿದ್ದರೆ ಮುಂದಿನ ಸರದಿ ಮೂರು ವಾರದ ಮೇಲೆ ಎಂದರು. ಆಮೇಲೆ ನಾನು ಕುಳಿತಿದ್ದು ನೆನಪಿಲ್ಲ. ನೀರಿನ ನಲ್ಲಿಯ ಹತ್ತಿರ ಹೋದೆ, ಬಾಗಿಲಿಗೆ ಬಂದೆ, ಬಾಯಾರದೆ ನೀರು ಕುಡಿದೆ, ಗುರುತಿಲ್ಲದವರಿಗೆ ಗಂಟೆಯೆಷ್ಟೆಂದು ಕೇಳಿದೆ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು.

"ಕೂತ್ಕೋ ಅಜ್ಜಿ," ಎಂದಳು ಸುಮಾ. "ನೀನು ಹಿಂಗೆ ಓಡಾಡಿದ್ರೆ ನನ್ ಕಣ್ಣು ನಿನ್ ಹಿಂದೇ ತಿರುಗಿ ಕೆಂಪಾಗ್ತಾವೆ."

ಮಧ್ಯಾಹ್ನ ಡಾಕ್ಟರು ನೋಡಿದಾಗ ರೆಪ್ಪೆ ಕೆಂಪಾಗಿರಲಿಲ್ಲ. ಒಳಗೆ ಹೋದವಳು ನಾನು ಎಲೆಯಡಿಕೆ ಹಾಕಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಕಪ್ಪು ಗಾಜು ಹಾಕಿಕೊಂಡು ಹೊರಗೆ ಬಂದಳು. ಸಂಜೆವರೆಗೆ ಕಣ್ಣು ಉರಿ, ನೀರು. ಮರುದಿನ ಹಟ್ಟಿಯಂಗಳದಿಂದಲೇ ರಸ್ತೆಯ ಬಸ್ಸಿನ ಬೋರ್ಡು ಓದಿದಳು. ಒಂದು ತಿಂಗಳು ಅವಳ ಕಣ್ಣಿಗೆ ನನ್ನ ಕೈ ತಾಗದಂತೆ ಕಾಯುವುದೇ ಮನೆಯವರಿಗೆಲ್ಲ ಕೆಲಸ.

ನಾಟಿಯ ಮೊದಲ ದಿನ ಜಡಿಮಳೆ. ಯಂತ್ರ ಹತ್ತುವ ಮುಂಚೆ ಸುಮಾ ನನ್ನನ್ನು ಬದುವಿನ ಮೇಲೆ ನಿಲ್ಲಿಸಿ, "ಸಾಲು ಸೊಟ್ಟ ಆದ್ರೆ ಕೂಗು," ಎಂದಳು. ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮೂರಲ್ಲಿಲ್ಲ. ತೊಯ್ದು ತೊಪ್ಪೆಯಾಗಿ, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ, ಗದ್ದೆ ಮುಗಿಯುವವರೆಗೆ ಹುಡುಕಿದೆ. ಕೂಗಲು ಏನೂ ಸಿಗಲಿಲ್ಲ.